ಎರಡು ತಾಸು ಓದಿದ್ದು ಎಲ್ಲಿ ಹೋಯಿತು? – ಸಾಲಿ, ಪಾಠ, ಪರೀಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಲಿ ಶುರುವಾಗಿ ಇನ್ನೂ ಒಂದು ತಿಂಗಳು ಆಗಿಲ್ಲ, ಆಗಲೇ ಪತ್ರಗಳ ರಾಶಿ ಬಿದ್ದಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವೇ ಜಾಸ್ತಿ. ಕೆಲವು ಪತ್ರ ಐದಾರು ಪುಟ ಇದ್ದವು, ಹಾಗಾಗಿ ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇವೆ. ಹೆಸರು ಯಾರದ್ದೂ ಹಾಕಿಲ್ಲ. ಬಹಳ ಮಂದಿ ಕೊನೆಗೆ ಒಂದೇ ಮಾತು ಕೇಳಿದ್ದಾರೆ: "ಇದಕ್ಕೆ ಯಾವ ಕ್ಲಾಸಿಗೆ ಸೇರಿಸಬೇಕು, ಎಷ್ಟು ಖರ್ಚಾಗಬಹುದು?" ಈ ಸಲದ ಉತ್ತರಗಳಲ್ಲಿ ಖರ್ಚಿನ ಮಾತು ಬಹಳ ಕಡಿಮೆ. ಕಲಿಕೆಯ ಬಗ್ಗೆ ಗಟ್ಟಿಯಾಗಿ ಗೊತ್ತಾಗಿರುವ ಸಂಗತಿಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ. ದುಡ್ಡು ಹುಟ್ಟುವುದಿಲ್ಲ ಅಂತಲೇ ಅವುಗಳ ಜಾಹೀರಾತನ್ನೂ ಯಾರೂ ಹಾಕುವುದಿಲ್ಲ.

ಪ್ರಶ್ನೆ: ನನ್ನ ಮಗ 9ನೇ ತರಗತಿ. ದಿನಾ ಸಂಜೆ ಎರಡು ತಾಸು ಓದುತ್ತಾನೆ, ನಾನೇ ಎದುರಿಗೆ ಕೂತಿರುತ್ತೇನೆ. ಪುಸ್ತಕದ ತುಂಬ ಹಳದಿ ಗೆರೆ. ಮಲಗುವ ಮುಂಚೆ ಕೇಳಿದರೆ "ಎಲ್ಲಾ ಬರ್ತದವ್ವ" ಅನ್ನುತ್ತಾನೆ. ಪರೀಕ್ಷೆಯಲ್ಲಿ ಮಾತ್ರ ಅರ್ಧ ಪೇಪರ್ ಖಾಲಿ. ಬುದ್ಧಿ ಕಮ್ಮಿಯೋ, ಲಕ್ಷ್ಯ ಕಮ್ಮಿಯೋ?
– ಗೃಹಿಣಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಎರಡೂ ಅಲ್ಲ ಅಕ್ಕಾ. ಅವನು ಸುಳ್ಳು ಹೇಳುತ್ತಲೂ ಇಲ್ಲ. ಆ ಹೊತ್ತಿಗೆ ಅವನಿಗೆ ನಿಜವಾಗಿಯೂ ಎಲ್ಲಾ ಬರುತ್ತದೆ, ತೊಂದರೆ ಇರುವುದೇ ಅಲ್ಲಿ.

ಅಮೆರಿಕದ ಸೇಂಟ್ ಲೂಯಿಸ್ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಒಂದು ಸರಳ ಪ್ರಯೋಗ ಮಾಡಿದರು, 2006ರಲ್ಲಿ ಅದು ಪ್ರಕಟವಾಯಿತು. ಕಾಲೇಜು ಹುಡುಗರಿಗೆ ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ಅದನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಪಾಠ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದೆ: 81%, ಬರೆದವರು 75%. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಓದಿದವರ ತಲೆಯಲ್ಲಿ ಉಳಿದದ್ದು 42%, ಬರೆದವರ ತಲೆಯಲ್ಲಿ 56%.

ಈಗ ನಿಮ್ಮ ಮನೆಯ ವಿಷಯಕ್ಕೆ ಬನ್ನಿ. ಮಲಗುವ ಮುಂಚೆ ನೀವು ಕೇಳುವ ಪ್ರಶ್ನೆ ಆ ಐದು ನಿಮಿಷದ ಪರೀಕ್ಷೆ ಇದ್ದ ಹಾಗೆ. ಅದರಲ್ಲಿ ಅವನು ಪಾಸ್ ಆಗುತ್ತಾನೆ, ನಿಮಗೂ ಸಮಾಧಾನ, ಅವನಿಗೂ ಸಮಾಧಾನ. ಸಾಲಿಯ ಪರೀಕ್ಷೆ ಬರುವುದು ಮಾತ್ರ ವಾರಗಳ ನಂತರ. ಒಂದೇ ಪುಟವನ್ನು ಮತ್ತೆ ಮತ್ತೆ ನೋಡಿದಾಗ ಅದು ಕಣ್ಣಿಗೆ ಪರಿಚಯ ಆಗುತ್ತದೆ, ಆ ಪರಿಚಯವನ್ನೇ ನಾವು "ಬಂತು" ಅಂದುಕೊಳ್ಳುತ್ತೇವೆ. ಹಳದಿ ಗೆರೆಯ ಕತೆಯೂ ಇಷ್ಟೇ. 2013ರಲ್ಲಿ ಡನ್ಲೋಸ್ಕಿ ಮತ್ತು ಜೊತೆಗಾರರು ವಿದ್ಯಾರ್ಥಿಗಳು ಬಳಸುವ ಹತ್ತು ಬಗೆಯ ಓದುವ ಕ್ರಮಗಳನ್ನು ಪರಿಶೀಲಿಸಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ದರ್ಜೆಗೆ ಹೋದವು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು, ಮತ್ತೆ ಓದನ್ನು ದಿನಗಳ ಅಂತರ ಬಿಟ್ಟು ಹಂಚಿಕೊಳ್ಳುವುದು.

ಹಾಗಾದರೆ ಏನು ಮಾಡಬೇಕು? ಎರಡು ತಾಸು ಎರಡು ತಾಸೇ ಇರಲಿ, ಒಳಗಿನ ಕೆಲಸ ಬದಲಾಗಲಿ. ಪಾಠ ಒಂದು ಸಲ ಲಕ್ಷ್ಯ ಕೊಟ್ಟು ಓದಲಿ, ಅರ್ಥ ಆಗದ್ದನ್ನು ಕೇಳಿ ತಿಳಿದುಕೊಳ್ಳಲಿ (ಅರ್ಥ ಆಗದ್ದನ್ನು ನೆನಪು ಮಾಡಿಕೊಂಡು ಉಪಯೋಗ ಇಲ್ಲ), ಪುಸ್ತಕ ಮುಚ್ಚಿ ರಫ್ ಹಾಳೆಯ ಮೇಲೆ ಬಂದಷ್ಟು ಬರೆಯಲಿ. ಆಮೇಲೆ ಪುಸ್ತಕ ತೆಗೆದು ಬಿಟ್ಟಿದ್ದೇನು ನೋಡಲಿ. ಅದೇ ಪಾಠವನ್ನು ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಪುಸ್ತಕ ನೋಡದೆ ಹೇಳಲಿ. ನಮ್ಮ ಕಡೆ ಹಳೇ ಮಾಸ್ತರರು ಉಜಳಣಿ (ಕಲಿತದ್ದನ್ನು ಮತ್ತೆ ನೆನಪು ಮಾಡುವುದು) ಅಂತ ಮಾಡಿಸುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಈಗ ಟ್ಯೂಷನ್‌ಗಳಲ್ಲಿ ಅದನ್ನೇ ಪರೀಕ್ಷೆಯ ಹಿಂದಿನ ವಾರಕ್ಕೆ ತಳ್ಳಿಬಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಗಣಿತಕ್ಕೆ ಇನ್ನೊಂದು ಮಾತು. ಅಭ್ಯಾಸದಲ್ಲಿ ಒಂದೇ ಜಾತಿಯ ಹತ್ತು ಲೆಕ್ಕ ಸಾಲಾಗಿ ಮಾಡಿದರೆ ಕೈ ಓಡುತ್ತದೆ, ತಲೆ ಓಡುವುದಿಲ್ಲ. ಫ್ಲಾರಿಡಾದ 7ನೇ ತರಗತಿಯ 54 ವರ್ಗಗಳಲ್ಲಿ ರೋರರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ಪಾಠದ ಲೆಕ್ಕಗಳನ್ನು ಕಲಸಿ ಮಾಡಿದ ಮಕ್ಕಳು ಒಂದು ತಿಂಗಳ ನಂತರದ ಪರೀಕ್ಷೆಯಲ್ಲಿ 61% ತೆಗೆದರು, ಸಾಲಾಗಿ ಒಂದೇ ಜಾತಿ ಮಾಡಿದವರು 38%. ಯಾವ ಲೆಕ್ಕಕ್ಕೆ ಯಾವ ಸೂತ್ರ ಅನ್ನುವುದನ್ನು ಆರಿಸುವುದೇ ಅರ್ಧ ಕೆಲಸ, ಸಾಲು ಲೆಕ್ಕದಲ್ಲಿ ಆ ಆಯ್ಕೆಯೇ ಬರುವುದಿಲ್ಲ.

ಒಂದು ಎಚ್ಚರಿಕೆ. ಮೊದಲ ಹದಿನೈದು ದಿನ ಮಗ ಬೇಜಾರು ಮಾಡಿಕೊಳ್ಳುತ್ತಾನೆ, "ಹಿಂಗ ಓದಿದ್ರ ಏನೂ ಬರವಲ್ದು" ಅನ್ನುತ್ತಾನೆ. ಖಾಲಿ ಹಾಳೆ ಎದುರಿಗೆ ಕೂತರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆಗ ಬೈಯಬೇಡಿ, ಹಳೇ ಪದ್ಧತಿಗೂ ಮರಳಬೇಡಿ.

ಪ್ರಶ್ನೆ: ಗದಗ ತಾಲ್ಲೂಕಿನ ಸರ್ಕಾರಿ ಸಾಲಿಯಲ್ಲಿ 4ನೇ ತರಗತಿ ನನ್ನದು. ಇಪ್ಪತ್ತಾರು ಮಕ್ಕಳು. ಒಂಬತ್ತು ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ, ಅದರಲ್ಲಿ ನಾಲ್ಕು ಮಕ್ಕಳಿಗೆ ಕಾಗುಣಿತವೇ ಸರಿಯಿಲ್ಲ. ಅತ್ತ ಪೋರ್ಷನ್ ಮುಗಿಸಬೇಕು, ಇತ್ತ ಸಿಆರ್‌ಪಿ (ಸಾಲಿಗಳನ್ನು ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೆ ಮಕ್ಕಳು ಗಡಗಡ ಓದಬೇಕು. "ನಲಿ-ಕಲಿಯಲ್ಲಿ ಮೂರು ವರ್ಷ ಏನು ಮಾಡಿದ್ರಿ?" ಅಂತ ಎಲ್ಲರೂ ನಮ್ಮನ್ನೇ ಕೇಳುತ್ತಾರೆ (ನಲಿ-ಕಲಿ ಅಂದರೆ ಒಂದರಿಂದ ಮೂರನೇ ತರಗತಿಗೆ ಕಾರ್ಡುಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿ). ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ

ಉತ್ತರ: ಅಕ್ಕೋರೆ, ಮೊದಲು ನಿಮ್ಮ ತಲೆಯ ಮೇಲಿನ ಭಾರ ಸ್ವಲ್ಪ ಇಳಿಸೋಣ. ಕನ್ನಡ ಓದಲು ಕಲಿಯುವುದಕ್ಕೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ವರ್ಷ ಬೇಕು. ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಓದುವ ಮಕ್ಕಳನ್ನೇ ಇಟ್ಟುಕೊಂಡು ಅಧ್ಯಯನ ಮಾಡಿ 2007ರಲ್ಲಿ ಬರೆದಿದ್ದಾರೆ. ಇಂಗ್ಲಿಷಿನ ಮಗುವಿಗೆ 26 ಅಕ್ಷರ, ಒಂದು ವರ್ಷದಲ್ಲಿ ಮುಗಿಯುತ್ತದೆ. ಕನ್ನಡದ ಮಗುವಿಗೆ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ 400ಕ್ಕೂ ಹೆಚ್ಚು ರೂಪಗಳು. ಅವುಗಳ ಕಲಿಕೆ 3ನೇ, 4ನೇ ತರಗತಿಯವರೆಗೂ ಮುಂದುವರಿಯುತ್ತದೆ ಅನ್ನುವುದು ಅವರಿಗೆ ಕಂಡದ್ದು. ನಿಧಾನ ಅಂದರೆ ದಡ್ಡತನ ಅಲ್ಲ, ನಮ್ಮ ಲಿಪಿಯ ಸ್ವಭಾವವೇ ಹಾಗೆ.

ಒತ್ತಕ್ಷರದಲ್ಲೇ ಯಾಕೆ ಸಿಕ್ಕಿಕೊಳ್ಳುತ್ತಾರೆ ಅಂತ ನೋಡಿ. ಗ ಒತ್ತು, ದ ಒತ್ತು ಮೂಲ ಅಕ್ಷರದ ಹಾಗೇ ಕಾಣುತ್ತವೆ, ಆದರೆ ತ, ಮ, ಯ, ರ, ನ, ಲ ಇವುಗಳ ಒತ್ತಿಗೂ ಮೂಲಕ್ಕೂ ಮುಖವೇ ಹೊಂದುವುದಿಲ್ಲ. ದುರದೃಷ್ಟಕ್ಕೆ ಜಾಸ್ತಿ ಬರುವುದೂ ಇವೇ. ಅರ್ಕಾವೊತ್ತು ಇನ್ನೂ ಕಷ್ಟ, ಬಾಯಲ್ಲಿ ಮೊದಲು ಬರುವ ಸದ್ದನ್ನು ಹಾಳೆಯಲ್ಲಿ ಆಮೇಲೆ ಬರೆಯುತ್ತೇವೆ. "ಸೂರ್ಯ" ಅನ್ನುವುದನ್ನು ಮಗು "ಸೂಯರ" ಅಂತ ಓದಿದರೆ ಅದು ಬರೆದ ಕ್ರಮದಲ್ಲೇ ನಿಷ್ಠೆಯಿಂದ ಓದುತ್ತಿದೆ ಅಂತ ಅರ್ಥ. ಹಾಗಾಗಿ ಒತ್ತಕ್ಷರವನ್ನೆಲ್ಲ ಒಂದೇ ಚಾರ್ಟಿನಲ್ಲಿ ಕಲಿಸಬೇಡಿ. ಮುಖ ಹೊಂದುವ ಒತ್ತು ಮೊದಲು, ಹೊಂದದ್ದು ಆಮೇಲೆ, ಅರ್ಕಾವೊತ್ತು ಕೊನೆಗೆ, ಅದೂ ಮಕ್ಕಳ ಬಾಯಲ್ಲಿ ಇರುವ ಶಬ್ದಗಳಲ್ಲೇ: ಅಕ್ಕ, ಅವ್ವ, ಎತ್ತು, ರೊಟ್ಟಿ, ಹಗ್ಗ.

ಇನ್ನು ಇದು ನಿಮ್ಮೊಬ್ಬರ ವರ್ಗದ ಕತೆಯಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ 3ನೇ ತರಗತಿಯ ಮಕ್ಕಳಲ್ಲಿ 27.1% ಮಾತ್ರ 2ನೇ ತರಗತಿಯ ಪಾಠ ಓದಬಲ್ಲರು, 5ನೇ ತರಗತಿಗೆ ಬಂದರೂ 48.8%. 2022ರಲ್ಲಿ, ಕೋವಿಡ್ ಪೆಟ್ಟು ಬಿದ್ದ ಮೇಲೆ, ಮೂರನೆಯವರದ್ದು 20.5%ಗೆ ಇಳಿದಿತ್ತು. ನೆನಪಿದೆ ಅಲ್ವಾ, ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಒಂದೂವರೆ ವರ್ಷ ಪಾಟಿ ಮುಟ್ಟದ ಮಕ್ಕಳು ಅವರು.

ಈಗ ಎಲ್ಲಿಂದ ಶುರು ಅನ್ನುವ ಪ್ರಶ್ನೆ. ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉತ್ತರ ಇದೆ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯವರು ಮುಂಬೈ ಮತ್ತು ವಡೋದರಾದಲ್ಲಿ ಬಾಲಸಖಿ ಅಂತ ಒಂದು ಕೆಲಸ ನಡೆಸಿದರು. ಊರಿನದೇ ಹೆಣ್ಣುಮಗಳು ದಿನಕ್ಕೆ ಎರಡು ತಾಸು ಹಿಂದುಳಿದ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂಲ ಓದು, ಮೂಲ ಲೆಕ್ಕ ಹೇಳಿಕೊಡುವುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಜೊತೆಗಾರರು ಅದನ್ನು ಅಳೆದು 2007ರಲ್ಲಿ ಬರೆದರು, ಮಕ್ಕಳ ಅಂಕ ಚೆನ್ನಾಗಿ ಏರಿತ್ತು. ಇವರಿಬ್ಬರಿಗೆ ಮೈಕಲ್ ಕ್ರೆಮರ್ ಜೊತೆ 2019ರಲ್ಲಿ ನೊಬೆಲ್ ಬಂತು. ಇದರ ತಿರುಳು ಇಷ್ಟೇ: ಮಗು ಯಾವ ತರಗತಿಯಲ್ಲಿದೆ ಅಂತ ನೋಡಬೇಡಿ, ಯಾವ ಮಟ್ಟದಲ್ಲಿದೆ ನೋಡಿ, ಅಲ್ಲಿಂದ ಕಲಿಸಿ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಆಮೇಲೆ ನಡೆದದ್ದು. ಇದೇ ಪದ್ಧತಿಯನ್ನು ಬಿಹಾರ, ಉತ್ತರಾಖಂಡದ ಸರ್ಕಾರಿ ಸಾಲಿಗಳಿಗೆ ತಂದಾಗ ಶಿಕ್ಷಕರಿಗೆ ತರಬೇತಿ ಕೊಟ್ಟರು, ಸಾಮಗ್ರಿ ಕೊಟ್ಟರು, ಆದರೆ ಸಾಲಿಯ ಹೊತ್ತಿನಲ್ಲಿ ಏನೂ ಆಗಲಿಲ್ಲ. ಯಾಕೆಂದರೆ ಪೋರ್ಷನ್ ಓಡುತ್ತಲೇ ಇತ್ತು, ಹೊಸ ಪದ್ಧತಿಗೆ ವೇಳಾಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಹರಿಯಾಣದಲ್ಲಿ ದಿನಕ್ಕೆ ಒಂದು ತಾಸು ಇದಕ್ಕೇ ಅಂತ ಎತ್ತಿಟ್ಟರು, ಆ ತಾಸಿನಲ್ಲಿ ಮಕ್ಕಳನ್ನು ಮಟ್ಟದ ಪ್ರಕಾರ ಗುಂಪು ಮಾಡಿದರು, ಮೇಲ್ವಿಚಾರಕರೂ ಬಂದು ಅದನ್ನೇ ನೋಡಿದರು. ಅಲ್ಲಿ ಅದೇ ಸರ್ಕಾರಿ ಶಿಕ್ಷಕರ ಕೈಯಲ್ಲೇ ಮಕ್ಕಳ ಓದು ಸುಧಾರಿಸಿತು. ಪ್ರತಿ ವರ್ಷ ಹೊಸ ತರಬೇತಿ ಮಾಡಿ ಕೈ ತೊಳೆದುಕೊಳ್ಳುವವರು ಇದನ್ನು ಓದಬೇಕು.

ಆದ್ದರಿಂದ ನೀವೂ ಮುಖ್ಯಗುರುಗಳ ಹತ್ತಿರ ತರಬೇತಿ ಕೇಳಬೇಡಿ, ಒಂದು ತಾಸು ಕೇಳಿ. 3, 4, 5ನೇ ತರಗತಿಗೆ ಒಂದೇ ಹೊತ್ತು. ಈ ವಾರ ಒಂದೊಂದು ಮಗುವನ್ನು ಪಕ್ಕಕ್ಕೆ ಕರೆದು ಓದಿಸಿ: ಬಿಡಿ ಅಕ್ಷರ, ಸರಳ ಶಬ್ದ, ಚಿಕ್ಕ ಪ್ಯಾರಾ, ಪುಟ್ಟ ಕತೆ. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ಎಲ್ಲಿ ನಿಲ್ಲುತ್ತದೋ ಅದು ಅದರ ಗುಂಪು. ಐದನೇ ತರಗತಿಯ ಮಗು ಶಬ್ದದ ಗುಂಪಿಗೆ ಬಂದರೂ ಬರಲಿ. ತಿಂಗಳಿಗೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ, ಇಲ್ಲದಿದ್ದರೆ "ದಡ್ಡರ ಗುಂಪು" ಅಂತ ಒಂದು ಹೆಸರು ಅಂಟಿಬಿಡುತ್ತದೆ. ಸಿಆರ್‌ಪಿ ಬಂದಾಗ ಜೂನ್ ತಿಂಗಳ ಪಟ್ಟಿ, ಸೆಪ್ಟೆಂಬರ್ ತಿಂಗಳ ಪಟ್ಟಿ ಎರಡನ್ನೂ ಮುಂದಿಡಿ.

ನಲಿ-ಕಲಿಯನ್ನು ಬೈಯುವವರಿಗೆ ಒಂದು ಮಾತು. ಅದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೈಯಾರೆ ಕಟ್ಟಿದ್ದು, ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತಲಿ ಅಂತ. ರಾಜ್ಯಕ್ಕೆಲ್ಲ ಬಂದದ್ದು 2009-10ರಲ್ಲಿ. ಕಾರ್ಡು ಮೆಟ್ಟಿಲು ಒಂದರಿಂದ ಮೂರನೇ ತರಗತಿಗೆ ನಿಲ್ಲುತ್ತದೆ, ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ. ಮೆಟ್ಟಿಲಿನ ಅರ್ಧದಲ್ಲಿದ್ದ ಮಗು ಆಗ ಬೀಳುತ್ತದೆ. ಕೆಳಗೆ ನಿಂತು ಹಿಡಿಯುವ ಪಾಳಿ ನಿಮ್ಮದಾಗಿದೆ, ಅಷ್ಟೇ.

ಪ್ರಶ್ನೆ: ಹಾವೇರಿ ಸಂತೆಯಲ್ಲಿ ನಮ್ಮದು ಕಾಯಿಪಲ್ಲೆ ಅಂಗಡಿ. ಮಗಳು 7ನೇ ತರಗತಿ, ಸೂಟಿ ಇದ್ದಾಗ ಕೂರುತ್ತಾಳೆ. ಮುಕ್ಕಾಲು ಕಿಲೋ ಬದನೆಕಾಯಿ, ಕಾಲು ಕಿಲೋ ಮೆಣಸಿನಕಾಯಿ, ಎಲ್ಲಾ ಸೇರಿಸಿ ಐನೂರರ ನೋಟಿಗೆ ಚಿಲ್ಲರೆ, ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತಾಳೆ. ಸಾಲಿಯ ಗಣಿತದಲ್ಲಿ ಮಾತ್ರ ಫೇಲು. ಮಾಸ್ತರರು ಲೆಕ್ಕ ಬರುವುದಿಲ್ಲ ಅಂತಾರೆ. ಯಾರು ಹೇಳೋದು ಖರೆ?
– ವ್ಯಾಪಾರಿ, ಹಾವೇರಿ

ಉತ್ತರ: ಅಣ್ಣಾ, ಇಬ್ಬರದ್ದೂ ಖರೆ. ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ದೊಡ್ಡ ದೊಡ್ಡವರು ಸಂಶೋಧನೆ ಮಾಡಿ 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಬ್ಯಾನರ್ಜಿ, ಡಫ್ಲೊ ಇದರಲ್ಲೂ ಇದ್ದಾರೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೂತ 1,436 ಮಕ್ಕಳ ಹತ್ತಿರ ಹೋಗಿ ಗಿರಾಕಿಯ ಹಾಗೆ ಕೊಂಡರು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, 15 ರೂಪಾಯಿಯ ಉಳ್ಳಾಗಡ್ಡಿ 1.4 ಕಿಲೋ, ಕೈಗೆ 200ರ ನೋಟು. ಮಕ್ಕಳು 37 ರೂಪಾಯಿ ಹಿಡಿದು 163 ವಾಪಸ್ ಕೊಟ್ಟರು, ಹಾಳೆ ಇಲ್ಲ ಪೆನ್ಸಿಲ್ ಇಲ್ಲ. ಅದೇ ಮಕ್ಕಳಿಗೆ ಸಾಲಿಯ ಪುಸ್ತಕದ ರೀತಿಯಲ್ಲಿ ಭಾಗಾಕಾರ, ವ್ಯವಕಲನ ಬರೆದು ಕೊಟ್ಟರೆ ಬಹಳ ಮಂದಿ ಸೋತರು.

ಪೂರ್ತಿ ಕೇಳಿ, ಇಲ್ಲೊಂದು ತಿರುವು ಇದೆ. ವ್ಯಾಪಾರ ಗೊತ್ತಿಲ್ಲದ 471 ಸಾಲಿ ಮಕ್ಕಳನ್ನೂ ಪರೀಕ್ಷೆ ಮಾಡಿದರು. ಬರೆದು ಕೊಟ್ಟ ಸರಳ ಲೆಕ್ಕ ಅವರು ಚೆನ್ನಾಗಿ ಮಾಡಿದರು. ಆದರೆ ಸಂತೆಯ ಒಂದು ಲೆಕ್ಕವನ್ನು ವ್ಯಾಪಾರದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಮಕ್ಕಳು ಬಿಡಿಸಿದ್ದರು, ಸಾಲಿ ಮಕ್ಕಳಲ್ಲಿ ಅದನ್ನು ಬಿಡಿಸಿದವರು 1% ಮಾತ್ರ. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ತಾನಾಗಿ ದಾಟುವುದಿಲ್ಲ. ನಡುವೆ ಯಾರಾದರೂ ಸೇತುವೆ ಹಾಕಬೇಕು, ಸದ್ಯಕ್ಕೆ ಹಾಕುವವರು ಕಡಿಮೆ.

ಮಗಳಿಗೆ ಹೀಗೆ ಮಾಡಿಸಿ. ಅಂಗಡಿಯಲ್ಲಿ ಬಾಯಲ್ಲಿ ಮಾಡಿದ ಲೆಕ್ಕವನ್ನೇ ರಾತ್ರಿ ಹಾಳೆಯ ಮೇಲೆ ಬರೆಯಲಿ. ಕಿಲೋಗೆ 48 ಇದ್ದರೆ ಮುಕ್ಕಾಲು ಕಿಲೋಗೆ ಎಷ್ಟು ಅಂದರೆ ಅವಳು ಅರ್ಧಕ್ಕೆ 24, ಕಾಲಿಗೆ 12, ಒಟ್ಟು 36 ಅಂತಾಳೆ. ಅದೇ 48ನ್ನು ಮುಕ್ಕಾಲರಿಂದ ಗುಣಿಸುವುದು, ಅದೇ ಭಿನ್ನರಾಶಿಯ ಪಾಠ, ಅದೇ 0.75. ಮೂರೂ ಒಂದರ ಕೆಳಗೆ ಒಂದು ಬರೆಯಲಿ. ಆ ಹಾಳೆ ಮಾಸ್ತರರಿಗೂ ತೋರಿಸಲಿ. ಲೆಕ್ಕ ಬರುವುದಿಲ್ಲ ಅನ್ನುವ ಮಾತು ಅವರೇ ಬಿಡುತ್ತಾರೆ. ಸಾಲಿ ಇದ್ದ ದಿನ ಮಾತ್ರ ಅಂಗಡಿಗೆ ಕೂರಿಸಬೇಡಿ.

ಪ್ರಶ್ನೆ: ಧಾರವಾಡದಲ್ಲಿ ಒಬ್ಬರು ಮಗನ ಹತ್ತು ಬೆರಳಿನ ಅಚ್ಚು ತೆಗೆದುಕೊಂಡು, ಸಾವಿರಾರು ರೂಪಾಯಿ ಪಡೆದು, ಮೂವತ್ತು ಪುಟದ ಬಣ್ಣದ ವರದಿ ಕೊಟ್ಟರು. "ಇವನು ನೋಡಿ ಕಲಿಯುವವನು, ಕೇಳಿ ಕಲಿಯುವವನಲ್ಲ, ಸೈನ್ಸ್ ಬೇಡ" ಅಂತ ಅದರಲ್ಲಿದೆ. ನಂಬಬೇಕಾ?
– ಬ್ಯಾಂಕ್ ನೌಕರ, ಸಪ್ತಾಪುರ

ಉತ್ತರ: ಬೇಡ. ಬೆರಳಿನ ಗೆರೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಮೂಡಿ ಮುಗಿದಿರುತ್ತದೆ, ಅದನ್ನು ನೋಡಿ ಸೈನ್ಸ್ ಬೇಕೋ ಆರ್ಟ್ಸ್ ಬೇಕೋ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಅನ್ನುವ ವಿಂಗಡಣೆಯನ್ನು 2008ರಲ್ಲಿ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಕೂಲಂಕಷವಾಗಿ ನೋಡಿದರು. ಮಗುವಿನ "ಶೈಲಿ"ಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತದೆ ಅನ್ನುವುದಕ್ಕೆ ಸರಿಯಾದ ಪುರಾವೆ ಸಿಗಲಿಲ್ಲ. ನಕ್ಷೆ ಕಲಿಯಲು ಎಲ್ಲರೂ ನೋಡಲೇಬೇಕು, ವಚನ ಕಲಿಯಲು ಎಲ್ಲರೂ ಕೇಳಲೇಬೇಕು. ಮಗನಿಗೆ ವರದಿ ತೋರಿಸಿದ್ದರೆ ಅದು ಸುಳ್ಳು ಅಂತ ಬಾಯಿಬಿಟ್ಟು ಹೇಳಿ. ದುಡ್ಡು ಹೋದದ್ದು ಹೋಯಿತು, "ನನಗೆ ಸೈನ್ಸ್ ಆಗಲ್ಲ" ಅನ್ನುವುದು ತಲೆಯಲ್ಲಿ ಉಳಿಯಬಾರದು.

ಪ್ರಶ್ನೆ: ನನಗೆ ಓದು ಬರಹ ಇಲ್ಲ. ಮಗ, ಸೊಸೆ ದುಡಿಯಲು ಹೋಗಿರುತ್ತಾರೆ, ಮೊಮ್ಮಗಳನ್ನು ಓದಿಸುವುದು ನನ್ನ ಪಾಲಿಗೆ ಬಂದಿದೆ. ನಾನು ಏನು ಮಾಡಲಿಕ್ಕೆ ಆದೀತು? (ಪಕ್ಕದ ಮನೆ ಹುಡುಗನಿಂದ ಬರೆಸಿದ್ದೇನೆ.)
– ಶಿಗ್ಗಾವಿ ತಾಲ್ಲೂಕು

ಉತ್ತರ: ಅಮ್ಮಾ, ಬಹಳ ಆದೀತು. ದಿನಾ ಸಂಜೆ "ಇವತ್ತು ಏನು ಕಲಿಸಿದ್ರು, ನನಗೂ ತಿಳಿಯುವ ಹಾಗೆ ಹೇಳು" ಅಂತ ಕೇಳಿ. ಅರ್ಧಕ್ಕೆ ನಿಂತರೆ "ಯಾಕೆ?" ಅನ್ನಿ. ಮೇಲೆ ಹುಬ್ಬಳ್ಳಿಯ ಅಕ್ಕನಿಗೆ ಹೇಳಿದ್ದು ಇದನ್ನೇ, ಪುಸ್ತಕ ಮುಚ್ಚಿ ನೆನಪಿನಿಂದ ಹೇಳುವುದು. ಕೇಳುವವರಿಗೆ ಅಕ್ಷರ ಬರಬೇಕು ಅಂತೇನಿಲ್ಲ. ರಾಜಸ್ಥಾನ ಮತ್ತು ಬಿಹಾರದಲ್ಲಿ ತಾಯಂದಿರಿಗೆ ಓದು ಕಲಿಸಿ, ಮಕ್ಕಳ ಜೊತೆ ಕೂರುವುದನ್ನೂ ಕಲಿಸಿ ಅಳೆದು ನೋಡಿದ್ದಾರೆ, 2017ರಲ್ಲಿ ಅದು ಪ್ರಕಟವಾಯಿತು. ಮಕ್ಕಳ ಲೆಕ್ಕದಲ್ಲಿ ಸುಧಾರಣೆ ಬಂತು, ಸಣ್ಣದೇ, ಸುಮ್ನೆ ದೊಡ್ಡದು ಮಾಡಿ ಹೇಳುವುದಿಲ್ಲ. ಮತ್ತೆ ನಿಮಗೆ ಬರುವ ಒಗಟು, ಕತೆ, ಬೀಸುವ ಹಾಡು ಎಲ್ಲಾ ಹೇಳಿ. ಶಬ್ದಗಳ ಪರಿಚಯ ಇದ್ದ ಮಗುವಿಗೆ ಪುಸ್ತಕದಲ್ಲಿ ಅದೇ ಶಬ್ದ ಎದುರಾದಾಗ ಓದು ಹಗುರ ಆಗುತ್ತದೆ.

ಪ್ರಶ್ನೆ: ಮಗಳನ್ನು ಒಂದನೇ ತರಗತಿಗೆ ಹಾಕಬೇಕು. ಊರಲ್ಲಿ ಕನ್ನಡ ಸಾಲಿ ಇದೆ. ಪೇಟೆಯ ಇಂಗ್ಲಿಷ್ ಮೀಡಿಯಂ ಸಾಲಿಯ ಹಳದಿ ಬಸ್ ಮನೆ ಮುಂದೆ ಬರುತ್ತದೆ. ಹೆಂಡತಿ ಬಸ್ ಕಡೆ, ಅಪ್ಪ ಕನ್ನಡ ಸಾಲಿ ಕಡೆ. ಸರ್ಕಾರ ಏನು ಹೇಳುತ್ತದೆ, ಸಂಶೋಧನೆ ಏನು ಹೇಳುತ್ತದೆ?
– ರೈತ, ನವಲಗುಂದ ತಾಲ್ಲೂಕು

ಉತ್ತರ: ಸರ್ಕಾರ ಎರಡು ಬಾಯಲ್ಲಿ ಮಾತಾಡುತ್ತದೆ. 1994ರಲ್ಲಿ ನಮ್ಮ ರಾಜ್ಯ ನಾಲ್ಕನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಅಂತ ಆದೇಶ ಮಾಡಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಹೇರುವಂತಿಲ್ಲ, ಆಯ್ಕೆ ಪಾಲಕರದ್ದು ಅಂದಿತು. 2019-20ರಲ್ಲಿ ರಾಜ್ಯವೇ 1,000 ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮರುವರ್ಷ ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿ 2020 ಬಂದು, ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಿ ಅಂದಿತು. ಆಮೇಲೆ ರಾಜ್ಯ ಸರ್ಕಾರ ಸುಖದೇವ ಥೋರಟ್ ಅವರ ಆಯೋಗ ನೇಮಿಸಿತು, ಅದು 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು 5ನೇ ತರಗತಿವರೆಗಾದರೂ ಕನ್ನಡ ಅಥವಾ ಮಾತೃಭಾಷೆ ಇರಲಿ ಎಂದು ಶಿಫಾರಸು ಮಾಡಿದೆ. ಶಿಫಾರಸು ಅಂದರೆ ಶಿಫಾರಸು, ಹಳದಿ ಬಸ್ ಅಂತೂ ಬರುತ್ತಲೇ ಇದೆ.

ಸಂಶೋಧನೆ ಮಾತ್ರ ಬಹುಮಟ್ಟಿಗೆ ನಿಮ್ಮ ಅಪ್ಪನ ಕಡೆ. ಅದರಲ್ಲಿ ನಮ್ಮ ಸೀಮೆಗೆ ಹತ್ತಿರದ್ದೊಂದು ಹೇಳುತ್ತೇನೆ. ತರುಣ್ ಜೈನ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬ್ರಿಟಿಷರ ಕಾಲದ ಪ್ರಾಂತಗಳಲ್ಲಿ ಕೆಲವು ಜಿಲ್ಲೆಗಳ ಜನರ ಮಾತು ಒಂದು, ಆಡಳಿತದ ಮತ್ತು ಸಾಲಿಯ ಭಾಷೆ ಇನ್ನೊಂದು ಇತ್ತು. ಅಂಥ ಜಿಲ್ಲೆಗಳಲ್ಲಿ ಸಾಕ್ಷರತೆ 18% ಕಡಿಮೆ ಇತ್ತು ಅಂತ ಅವರು ಲೆಕ್ಕ ಹಾಕಿದರು. 1956ರಲ್ಲಿ ಭಾಷೆಯ ಪ್ರಕಾರ ರಾಜ್ಯಗಳಾದ ಮೇಲೆ ಆ ಜಿಲ್ಲೆಗಳು ಉಳಿದವುಗಳ ಸಮಕ್ಕೆ ಬಂದವು. ಧಾರವಾಡ ಮುಂಬೈ ಪ್ರಾಂತದಲ್ಲಿದ್ದಾಗಿನ ಕತೆ ನಮ್ಮ ಹಿರಿಯರಿಗೆ ಗೊತ್ತು. ಮರಾಠಿ ಸಾಲಿಗಳ ನಡುವೆ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿ ತೆರೆಯಲು ಹೆಣಗಿದ್ದು, 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು, ಎಲ್ಲಾ ಇದೇ ಕಾರಣಕ್ಕೆ. ತಿಳಿಯದ ಮಾತಿನಲ್ಲಿ ಪಾಠ ಕೇಳಿದ ಮಗು ಬಾಯಿಪಾಠ ಮಾಡುತ್ತದೆ, ಇಲ್ಲವೇ ಸಾಲಿ ಬಿಡುತ್ತದೆ. ಅಂದು ಮರಾಠಿ, ಇಂದು ಇಂಗ್ಲಿಷ್.

ಹಾಗಂತ ನಿಮ್ಮ ಹೆಂಡತಿಯ ಮಾತನ್ನು ತಳ್ಳಿಹಾಕಬೇಡಿ. ಇಂಗ್ಲಿಷ್ ಬೇಕು ಅನ್ನುವುದು ಸರಿಯಾದ ಆಸೆ. ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಎರಡೂ ಸಾಲಿಗೆ ಒಂದು ದಿನ ಹೋಗಿ ನೋಡಿ. ಇಂಗ್ಲಿಷ್ ಸಾಲಿಯ ಮೂರನೇ ತರಗತಿಯ ಒಂದು ಮಗುವಿಗೆ ಪುಸ್ತಕದ ಒಂದು ಪ್ಯಾರಾ ಓದಿಸಿ, ಅದರಲ್ಲಿ ಏನಿದೆ ಅಂತ ಕನ್ನಡದಲ್ಲೇ ಕೇಳಿ. ಹೇಳಿದರೆ ಆ ಸಾಲಿ ಪರವಾಗಿಲ್ಲ. ಓದಿ, ಅರ್ಥ ಹೇಳದೆ ಮುಖ ನೋಡಿದರೆ ಬಸ್ ಎಷ್ಟೇ ಚೆಂದ ಇದ್ದರೂ ಬೇಡ. ಕನ್ನಡ ಸಾಲಿಯಲ್ಲೂ ಇದೇ ಪರೀಕ್ಷೆ ಮಾಡಿ, ಅಲ್ಲಿ ಶಿಕ್ಷಕರು ಎಷ್ಟು ಜನ, ಎಷ್ಟು ತರಗತಿಗೆ ಒಬ್ಬರು ಅಂತಲೂ ನೋಡಿ. ಒಬ್ಬರೇ ಶಿಕ್ಷಕರಿದ್ದು ಅವರೂ ಸಭೆ, ಸಮೀಕ್ಷೆ ಅಂತ ಓಡಾಡುತ್ತಿದ್ದರೆ ಮನೆಮಾತು ಒಂದರಿಂದಲೇ ಮಗು ಕಲಿಯುವುದಿಲ್ಲ. ಎರಡೂ ಸರಿ ಇದ್ದರೆ ನನ್ನ ಓಟು ಐದನೇ ತರಗತಿವರೆಗೆ ಕನ್ನಡಕ್ಕೆ, ಜೊತೆಗೆ ಮೊದಲ ದಿನದಿಂದ ಬಾಯಿಮಾತಿನ ಇಂಗ್ಲಿಷ್.

(ಇನ್ನೊಂದು ವಿಷಯ. ಗದಗ, ಹಾವೇರಿಯ ತಾಂಡಾಗಳ ಲಂಬಾಣಿ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ. ನಾವು ಮನೆಮಾತಿನ ಪರವಾಗಿ ಭಾಷಣ ಮಾಡುವಾಗ ಅವರನ್ನು ಮರೆಯುತ್ತೇವೆ.)

ಪ್ರಶ್ನೆ: ಫೇಲ್ ಮಾಡದೆ ಮುಂದಕ್ಕೆ ತಳ್ಳುವುದರಿಂದಲೇ ಮಕ್ಕಳು ಹಾಳಾದರು. ಐದು, ಎಂಟಕ್ಕೆ ಪಬ್ಲಿಕ್ ಪರೀಕ್ಷೆ ಮಾಡಿ ಫೇಲ್ ಮಾಡಬೇಕು. ಏನಂತೀರಿ?
– ನಿವೃತ್ತ ಮುಖ್ಯಾಧ್ಯಾಪಕರು, ರಾಣೆಬೆನ್ನೂರು

ಉತ್ತರ: ಗುರುಗಳೇ, ನಿಮ್ಮ ಅರ್ಧ ಮಾತಿಗೆ ನನ್ನ ಒಪ್ಪಿಗೆ ಇದೆ. ಕಲಿಯದ ಮಗುವನ್ನು ಏನೂ ಮಾಡದೆ ಮುಂದಕ್ಕೆ ತಳ್ಳುವುದು ಮೋಸ. ಆದರೆ ಏನೂ ಮಾಡದೆ ಹಿಂದಕ್ಕೆ ಕೂರಿಸುವುದೂ ಅಷ್ಟೇ ಮೋಸ, ಅದೇ ಪಾಠ, ಅದೇ ರೀತಿ, ಇನ್ನೊಂದು ವರ್ಷ. ಕಾನೂನು ಬದಲಾಗಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ, 5 ಮತ್ತು 8ರಲ್ಲಿ ಫೇಲ್ ಮಾಡುವ ಅವಕಾಶ ರಾಜ್ಯಗಳಿಗೆ ಸಿಕ್ಕಿದೆ, ಅದಕ್ಕೂ ಮುಂಚೆ ಮರುಪರೀಕ್ಷೆ ಕೊಡಬೇಕು. ನಮ್ಮಲ್ಲಿ 5, 8, 9ಕ್ಕೆ ಮಾಡಿದ ಬೋರ್ಡ್ ಪರೀಕ್ಷೆಯ ಫಲಿತಾಂಶವನ್ನು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ನಿಮಗೆ ನೆನಪಿರಬಹುದು. ಶಿಕಾಗೋದಲ್ಲಿ ಫೇಲ್ ಆಗಿ ಕೂತ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಜೇಕಬ್ ಮತ್ತು ಲೆಫ್ಗ್ರೆನ್ 2009ರಲ್ಲಿ ಬರೆದಿದ್ದಾರೆ. ಆರನೇ ತರಗತಿಯಲ್ಲಿ ಕೂರಿಸಿದ್ದಕ್ಕೆ ದೊಡ್ಡ ಹಾನಿ ಕಾಣಲಿಲ್ಲ, ಎಂಟರಲ್ಲಿ ಕೂರಿಸಿದವರಲ್ಲಿ ಸಾಲಿ ಬಿಟ್ಟವರು ಹೆಚ್ಚಾದರು. ನಮ್ಮ ಕಡೆ ಎಂಟರಲ್ಲಿ ಫೇಲ್ ಆದ ಹುಡುಗಿಗೆ ಮದುವೆ ಮಾತು, ಹುಡುಗನಿಗೆ ಗೋವಾದ ಬಸ್ಸು. ಅದಕ್ಕೇ ನಾನು ಎಂಟರ ಪರೀಕ್ಷೆಗೆ ಹೆದರುತ್ತೇನೆ. ಮೂರನೇ ತರಗತಿಯಲ್ಲೇ ಓದಿಸಿ ನೋಡಿ, ಅಲ್ಲೇ ಹಿಡಿದುಕೊಂಡರೆ ಎಂಟರಲ್ಲಿ ಇಷ್ಟು ಫೇಲ್ ಮಾಡುವ ಪ್ರಮೇಯ ಬರಲಿಕ್ಕಿಲ್ಲ.

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೇನೆ. ಸರ್ ಬೋರ್ಡ್ ಮೇಲೆ ಬರೆದದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತೇನೆ, ನೋಟ್ಸ್ ಬರೆಯುವುದಿಲ್ಲ. ಗೆಳತಿ ಕೈಯಲ್ಲಿ ಬರೆದರೇ ತಲೆಗೆ ಹೋಗೋದು ಅಂತಾಳೆ. ಹೌದಾ?

ಉತ್ತರ: ಪೂರ್ತಿ ಹೌದು ಅನ್ನಲಾರೆ. ಲ್ಯಾಪ್‌ಟಾಪಿಗಿಂತ ಕೈಬರಹವೇ ಮೇಲು ಅಂತ 2014ರಲ್ಲಿ ಒಂದು ಪ್ರಯೋಗ ಬಹಳ ಹೆಸರು ಮಾಡಿತು, ಆದರೆ 2019ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪೆನ್ನೋ ಕೀಲಿಮಣೆಯೋ ಅನ್ನುವ ಜಗಳ ಬಿಡಿ. ನಿಮ್ಮದು ಎರಡೂ ಅಲ್ಲವಲ್ಲ, ಫೋಟೋ ತಾನೇ? ಫೋಟೋ ಹೊಡೆಯುವಾಗ ತಲೆಗೆ ಏನೂ ಕೆಲಸ ಇಲ್ಲ. ಫೋಟೋ ಇರಲಿ, ಕ್ಲಾಸ್ ಮುಗಿದ ಮೇಲೆ ಅದನ್ನು ನೋಡದೆ ಅರ್ಧ ಪುಟ ಬರೆಯಿರಿ, ಆಮೇಲೆ ತೆರೆದು ಬಿಟ್ಟಿದ್ದನ್ನು ಸೇರಿಸಿ. ಗ್ಯಾಲರಿಯಲ್ಲಿ ಈಗಾಗಲೇ ರಾಶಿ ಬಿದ್ದಿರುವ ಹಳೇ ಫೋಟೋಗಳಿಗೂ ಇದೇ ಮಾಡಬಹುದು, ಒಂದೇ ದಿನ ಮುಗಿಸುತ್ತೇನೆ ಅಂತ ಮಾತ್ರ ಕೂರಬೇಡಿ.